ಇಸ್ತ್ರಿ ಗಂಟಿನಲ್ಲಿ ಹೋದ ಮರಿ

ಕೆಂಡತ್ತೆಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟವರು ಅವಳೆದುರು ಒಪ್ಪಿಕೊಳ್ಳುವಷ್ಟು ಧೈರ್ಯಸ್ಥರಲ್ಲ. ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಅವಳ ಇಸ್ತ್ರಿ ಅಂಗಡಿ. ಪೆಟ್ಟಿಗೆಯೊಳಗೆ ಇದ್ದಿಲ ಕೆಂಡ, ಪೆಟ್ಟಿಗೆಯ ಹಿಂದೆ ಅವಳು. ಎರಡರಲ್ಲಿ ಯಾವುದು ಹೆಚ್ಚು ಕಾದಿದೆ ಎಂದು ಗಿರಾಕಿಗಳು ದೂರದಿಂದಲೇ ಅಂದಾಜು ಮಾಡಿ ಹತ್ತಿರ ಬರುತ್ತಿದ್ದರು. ಜೇಬಿನಲ್ಲಿ ಪೆನ್ನು ಬಿಟ್ಟು ಶರ್ಟು ತಂದವನಿಗೆ ಸಿಗುವ ಬೈಗುಳದಲ್ಲಿ ಅವನ ಅಜ್ಜನಿಗೂ ಪಾಲಿರುತ್ತಿತ್ತು. ಆದರೆ ಅವಳು ಎಳೆದ ಪ್ಯಾಂಟಿನ ಗೆರೆಯಿಂದ ತರಕಾರಿ ಹೆಚ್ಚಬಹುದಿತ್ತು. ಹಾಗಾಗಿ ಬೀದಿಯವರು ಬಟ್ಟೆಯ ಜೊತೆ ಬೈಗುಳವನ್ನೂ ಮಡಚಿಕೊಂಡು ಮನೆಗೆ ಹೋಗುತ್ತಿದ್ದರು.

ಅವಳ ಗಂಡ ಇದಕ್ಕೆ ತದ್ವಿರುದ್ಧ. ಮದುವೆಯಾದಾಗಿನಿಂದ ಅವನು ಆಡಿದ್ದು ಒಂದೇ ಮಾತು, "ಹೂಂ". ಬೀದಿ ಅವನನ್ನು ಹೂಂ ಮಾವ ಎಂದಿತು. ಅದಕ್ಕೂ ಅವನು ಹೂಂ ಎಂದ. ಗಂಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಮುಟ್ಟಿಸುವುದು ಅವನ ಕೆಲಸ.

ಕೆಂಡತ್ತೆಯ ಪರಮವೈರಿ ಒಂದು ಬೂದು ಬೆಕ್ಕು. ಆಗಷ್ಟೇ ಇಸ್ತ್ರಿಯಾದ ಬೆಚ್ಚಗಿನ ಬಟ್ಟೆರಾಶಿಯೇ ಅದರ ಸಿಂಹಾಸನ. ವರ್ಷಗಳಿಂದ ಇವಳು ಓಡಿಸುವುದು, ಅದು ಎರಡು ಹೆಜ್ಜೆ ಹೋಗಿ ಮೀಸೆ ಒರೆಸಿಕೊಂಡು ವಾಪಸು ಬರುವುದು. ಒಂದು ದಿನ ಅದು ಬರಲಿಲ್ಲ. "ಪೀಡೆ ತೊಲಗಿತು" ಎಂದು ಕೆಂಡತ್ತೆ ಕೈ ಒರೆಸಿಕೊಂಡಳು. ಮಧ್ಯಾಹ್ನ ಮೇಜಿನ ಕೆಳಗಿನಿಂದ ಕುಂಯ್ ಎಂಬ ಸದ್ದು ಬಂತು. ಯಾರೂ ಕೇಳಿಕೊಂಡು ಬಾರದ ಹಳೇ ಬಟ್ಟೆಗಳ ಬುಟ್ಟಿಯಲ್ಲಿ ಕಣ್ಣು ಬಿಡದ ಮೂರು ಮರಿಗಳು! ಒಂದೊಂದೂ ಸುತ್ತಿಟ್ಟ ಕಾಲುಚೀಲದಷ್ಟಿತ್ತು.

"ಹೆತ್ತು ಇಲ್ಲಿ ಬಿಸಾಕಿ ಎಲ್ಲಿಗೆ ಹೋದಳ್ರೀ ಆ ಮಹಾರಾಣಿ?"

"ಹೂಂ."

ಇದು ಗಂಡನದು. ನಿಜವಾದ ಉತ್ತರ ಕೊಟ್ಟವನು ತನ್ನ ಸಮವಸ್ತ್ರ ಒಯ್ಯಲು ಬಂದ ಕಟ್ಟಡದ ವಾಚ್‌ಮನ್. "ಬೂದು ಬೆಕ್ಕಾ? ಬೆಳಿಗ್ಗೆನೇ ಚೀಲಕ್ಕೆ ಹಾಕ್ಕೊಂಡು ಊರಾಚೆ ಬಿಟ್ಟು ಬಂದೆನಲ್ಲ ಅತ್ತೆ. ಮೇಲಿನ ಮಹಡಿ ಓನರಮ್ಮ ಹೇಳಿದ್ರು. ಸೋಫಾ ಪರಚ್ತಂತೆ."

"ಮರಿ ಹಾಕಿದೆ ಅಂತ ಗೊತ್ತಾಗ್ಲಿಲ್ವೇನೋ ನಿಂಗೆ?"

"ಹೊಟ್ಟೆ ಇಳಿದಂಗಿದೆ ಅಮ್ಮಾವ್ರೇ ಅಂದೆ. 'ನೀನೇನು ಡಾಕ್ಟರಾ? ಚೀಲ ಕಟ್ಟು' ಅಂದ್ರು."

ಕೆಂಡತ್ತೆ ಅವನನ್ನೂ ಗಂಡನನ್ನೂ ಆ ಕ್ಷಣವೇ ಸೈಕಲ್ಲಿನ ಮೇಲೆ ಅಟ್ಟಿದಳು. ಲಾರಿಗಳು ಓಡಾಡುವ ಹೆದ್ದಾರಿಯ ಅಂಚಿನಲ್ಲಿ ಖಾಲಿ ಚೀಲ ಸಿಕ್ಕಿತು. ಬೆಕ್ಕು ಸಿಗಲಿಲ್ಲ. ಆ ಚೀಲವನ್ನು ಅವಳು ಅಂಗಡಿಯ ಮೊಳೆಗೆ ನೇತುಹಾಕಿದಳು. ವೈರಿಯೇ ಆದರೂ ಅದು ಅವಳ ವೈರಿ. ಓಡಿಸುವ ಹಕ್ಕು ಅವಳದು. ಮೇಲಿನ ಮಹಡಿಯವಳು ಯಾರು ನಡುವೆ ಕೈ ಹಾಕೋಕೆ?

"ಈ ಮೂರೂ ಸಾಯಕೂಡದು" ಎಂದು ಅವಳು ಬೀದಿಗೆ ಕೇಳುವಂತೆ ಘೋಷಿಸಿದಳು. "ಒಂದು ಸತ್ತರೂ ಆ ಮೇಲಿನವಳು ಗೆದ್ದ ಹಾಗೆ!"

ಮೊದಲ ದಾಳಿ ಔಷಧಿ ಅಂಗಡಿಯ ಮೇಲೆ. ಅಂಗಡಿಯವನು ಬೆಕ್ಕಿನ ಮರಿಗಳಿಗೆಂದೇ ಬರುವ ಹಾಲಿನ ಪುಡಿಯನ್ನೂ ಡ್ರಾಪರನ್ನೂ ಮುಂದಿಟ್ಟ. "ಹಸುವಿನ ಹಾಲು ಬೇಡ ಅತ್ತೆ, ಭೇದಿ ಆಗುತ್ತೆ. ಮೊದಲು ಮೈ ಬೆಚ್ಚಗಾಗಲಿ, ಆಮೇಲೆ ಹಾಲು. ಅಂಗಾತ ಮಲಗಿಸಿ ಕುಡಿಸಬೇಡಿ, ನೆತ್ತಿಗೆ ಹತ್ತುತ್ತೆ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಅಡಿಭಾಗ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕಿದರೇನೇ ಅವು ಉಚ್ಚೆ ಹೊಯ್ಯೋದು. ಕಟ್ಟಿಕೊಂಡರೆ ಪ್ರಾಣಕ್ಕೇ ಬರುತ್ತೆ."

"ಇದನ್ನೆಲ್ಲ ಮಾಡೋಕೆ ನಾನೇನು ಬೆಕ್ಕಾ?" ಎಂದು ಅವನಿಗೂ ಬೈದು, ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು.

ಅಲ್ಲಿಂದಾಚೆಗೆ ಬೀದಿ ಕಂಡ ದೃಶ್ಯವೇ ಬೇರೆ. ಬೀದಿಯನ್ನೆಲ್ಲ ನಡುಗಿಸುವ ಹೆಂಗಸು ಇಸ್ತ್ರಿ ಮಾಡಿದ ಟವೆಲಿನಲ್ಲಿ ಮರಿಯನ್ನು ಸುತ್ತಿ, ಬೋರಲು ಹಿಡಿದು, ಹನಿ ಹನಿ ಹಾಲು ಬಿಡುತ್ತಾ, ಬಾಯಲ್ಲಿ ಓನರಮ್ಮನಿಗೆ ಬೆಂಕಿ ಉಗುಳುತ್ತಿದ್ದಳು. "ಸೋಫಾ ಅಂತೆ ಸೋಫಾ! ಕುಡಿಯೋ ರಾಜಾ. ಅವಳ ಸೋಫಾಕ್ಕೆ ಗೆದ್ದಲು ಹಿಡೀಲಿ! ನಿಧಾನ, ನಿಧಾನ ಕಂದಾ." ಯಾವ ಮಾತು ಯಾರಿಗೆ ಎಂದು ಗಿರಾಕಿಗಳು ಬೇಗ ಕಲಿತರು. ಮರಿಗಳು ಇನ್ನೂ ಬೇಗ ಕಲಿತವು. ಬೈಗುಳದ ದನಿ ಕೇಳಿದರೆ ಸಾಕು, ಹಾಲು ಬಂತೆಂದು ಬಾಯಿ ತೆರೆಯುತ್ತಿದ್ದವು.

ಕಣ್ಣು ಬಿಟ್ಟು ತೆವಳತೊಡಗಿದ ಮೇಲೆ ದೊಡ್ಡವೆರಡೂ ಹತ್ತಿಯ ಹಂಗಿಲ್ಲದೆ ಬುಟ್ಟಿ ಒದ್ದೆ ಮಾಡಲು ಕಲಿತವು. ಉಳಿದದ್ದು ಗುಂಡಿ. ಶರ್ಟಿನ ಗುಂಡಿಯಷ್ಟೇ ಇದೆ ಎಂದು ಅದಕ್ಕೆ ಆ ಹೆಸರು. ಹಾಲು ಮಾತ್ರ ಪೈಲ್ವಾನನಂತೆ ಕುಡಿಯುತ್ತಿತ್ತು. ಮುಂದಿನ ಕೆಲಸಕ್ಕೆ ಪ್ರತಿ ಸಲವೂ ಹತ್ತಿ, ಬಿಸಿನೀರು, ಬೇಡಿಕೆ, ಬೆದರಿಕೆ ಎಲ್ಲವೂ ಬೇಕು. "ಹೊಯ್ಯೋ ಮಹಾರಾಯ, ನಿನ್ನ ದಮ್ಮಯ್ಯ! ಹೊಯ್ಯದಿದ್ದರೆ ನೋಡು!" ಗಿರಾಕಿಗಳು ಉಸಿರು ಹಿಡಿದು ನಿಲ್ಲುತ್ತಿದ್ದರು. ನಾಲ್ಕು ಹನಿ ಬಿದ್ದರೆ ಬೀದಿಗೇ ನಿರಾಳ.

ಅಂಥದೊಂದು ಬೆಳಿಗ್ಗೆ ಕೆಂಡತ್ತೆ ಗುಂಡಿಗೆ ಹಾಲು ಕುಡಿಸಿ, ಹತ್ತಿ ನೆನೆಸಲು ನಲ್ಲಿಗೆ ಹೋಗಿ ಬಂದಳು. ಬುಟ್ಟಿಯಲ್ಲಿ ಎರಡೇ ಮರಿ! ಪಕ್ಕದಲ್ಲಿದ್ದ ಬಿಸಿಬಿಸಿ ಶರ್ಟುಗಳ ರಾಶಿಯೂ ಇಲ್ಲ. ಗಂಟು ಮುಟ್ಟಿಸಿ ಬಂದು ಹೂಂ ಮಾವ ಕೈ ಝಾಡಿಸುತ್ತಾ ನಿಂತಿದ್ದ.

"ರೀ, ಆ ರಾಶಿನ ನೋಡಿ ಕಟ್ಟಿದ್ರಾ?"

"ಹೂಂ."

"ನೋಡಿ ಕಟ್ಟಿದ್ರಾ, ಸುಮ್ನೆ ಕಟ್ಟಿದ್ರಾ?"

"ಹೂಂ."

"ಯಾರ ಮನೇದು?"

ಹೂಂ ಮಾವ ಕಣ್ಣೆತ್ತಿ ಮೇಲಿನ ಮಹಡಿಯನ್ನು ನೋಡಿದ.

ಗುಂಡಿಯ ಹೊಟ್ಟೆ ತುಂಬಿದೆ, ಉಚ್ಚೆ ಹೊಯ್ದಿಲ್ಲ, ಮೇಲೆ ಗಂಟಿನ ಬಿಗಿ. ಕೆಂಡತ್ತೆ ಸೆರಗು ಸಿಕ್ಕಿಸಿದಳು. ಖಾಲಿ ಚೀಲ ಸಿಕ್ಕ ದಿನವೇ ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದ್ದವಳು ಈಗ ಒಂದೊಂದು ಮೆಟ್ಟಿಲನ್ನೂ ಶತ್ರುವಿನ ಬೆನ್ನೆಂಬಂತೆ ತುಳಿದು ಏರಿದಳು. ಬಾಗಿಲು ಅವಳ ಗುದ್ದಿಗೆ ಅದುರಿತು.

"ಏನಮ್ಮಾ ಇದು, ಬಾಗಿಲು ಮುರಿದು ಹಾಕ್ತೀಯಾ?" ಎಂದಳು ಓನರಮ್ಮ.

"ಗಂಟೆಲ್ಲಿ?"

"ಬೀರುನಲ್ಲಿ ಇಟ್ಟೆ. ಯಾಕೆ?"

"ತೆಗೀರಿ."

"ನನ್ನ ಬೀರು ತೆಗಿ ಅನ್ನೋಕೆ ನೀನ್ಯಾರೇ?"

"ತೆಗೀದಿದ್ರೆ ಬಿಡಿ ಅಮ್ಮಾವ್ರೇ. ಒಳಗೆ ಬೆಕ್ಕಿನ ಮರಿ ಇದೆ. ಆಡ್ಕೊಂಡಿರ್ಲಿ."

ಓನರಮ್ಮ ಬೀರು ತೆರೆದ ವೇಗಕ್ಕೆ ಕೀಲಿಯೇ ಬೆದರಿರಬೇಕು. ಕೆಂಡತ್ತೆ ಗಂಟು ಹರಿದಳು. ಎರಡು ಬಿಳಿ ಶರ್ಟುಗಳ ನಡುವೆ ಗುಂಡಿ ಮುಖ ಸಿಂಡರಿಸಿಕೊಂಡು ಮಲಗಿತ್ತು. ಎತ್ತಿ ಹೊಟ್ಟೆ ಮುಟ್ಟಿದಳು. ಮೆತ್ತಗಿತ್ತು. ಊದಿರಲಿಲ್ಲ. ಅನುಮಾನದಿಂದ ಬಗ್ಗಿ ನೋಡಿದಳು. ಮೇಲಿನ ಶರ್ಟಿನ ಎದೆಯ ಮೇಲೆ, ಜೇಬಿನ ಪಕ್ಕದಲ್ಲೇ, ಅಂಗೈಯಗಲದ ಹಳದಿ ನಕ್ಷೆ. ಕೆಂಡತ್ತೆ ಮೂಸಿದಳು. ಮರುಗಳಿಗೆ ಬಾಲ್ಕನಿಯಲ್ಲಿದ್ದಳು.

"ರೀ! ಹೊಯ್ದಿದೆ ಕಣ್ರೀ! ಹತ್ತಿ ಇಲ್ದೆ, ತಾನೇ ಹೊಯ್ದಿದೆ!"

ಕೆಳಗೆ ಗಿರಾಕಿಗಳು ಹೋ ಎಂದರು. ಔಷಧಿ ಅಂಗಡಿಯವನು ಹೊರಗೆ ಬಂದು ಕೈಯೆತ್ತಿದ.

"ಅದು ನಮ್ಮ ಯಜಮಾನ್ರ ಹೊಸ ಶರ್ಟು!" ಓನರಮ್ಮ ಕಿರುಚಿದಳು. "ಒಂದು ಬೀದಿ ಬೆಕ್ಕಿಗೆ ಇಷ್ಟು ರಂಪನಾ?"

ಕೆಂಡತ್ತೆ ತಿರುಗಿದಳು. ಈ ಸಲ ಕೂಗಲಿಲ್ಲ. ಅವಳು ಕೂಗದೆ ಮಾತಾಡಿದ್ದನ್ನು ಓನರಮ್ಮ ಅದೇ ಮೊದಲು ಕೇಳಿದ್ದು, ಹಾಗಾಗಿ ಒಂದು ಹೆಜ್ಜೆ ಹಿಂದೆ ಸರಿದಳು.

"ಇದರ ತಾಯಿ ನೆಕ್ಕಿ ಮಾಡಿಸಬೇಕಿತ್ತು ಇದನ್ನ. ನೀವು ಅವಳನ್ನ ಚೀಲಕ್ಕೆ ಹಾಕಿಸಿದ್ರಿ. ಮೊಲೇಲಿ ಹಾಲು ತುಂಬಿಕೊಂಡು ಆ ಲಾರಿಗಳ ಮಧ್ಯೆ ಯಾವ ಕಡೆಗೆ ಓಡಿದಳೋ. ಸೋಫಾ ಚೆನ್ನಾಗಿದೆಯಾ ಅಮ್ಮಾವ್ರೇ?"

ಮಾತಿನಲ್ಲಿ ಸೋತ ಮಾಲೀಕರು ಮಾಡುವುದನ್ನೇ ಓನರಮ್ಮನೂ ಮಾಡಿದಳು. "ನಾಳೇನೇ ಮೂಲೆ ಖಾಲಿ ಮಾಡು!"

"ಮಾಡ್ತೀನಿ. ಅಲ್ಲಿವರೆಗೂ ನಿಮ್ಮನೆ ಬಟ್ಟೆ ನೀವೇ ಉಜ್ಜಿಕೊಳ್ಳಿ." ಗುಂಡಿಯನ್ನು ಅದೇ ಶರ್ಟಿನಲ್ಲಿ ಸುತ್ತಿಕೊಂಡು ಅವಳು ಇಳಿದು ಬಂದಳು.

ಮರುದಿನ ಬೆಳಿಗ್ಗೆ ಓನರಮ್ಮ ಮೆಟ್ಟಿಲಿಳಿದಳು. ಖಾಲಿ ಮಾಡುವ ಮಾತು ಬಾಯಲ್ಲಿರಲಿಲ್ಲ, ಸುಕ್ಕುಗಟ್ಟಿದ ಶರ್ಟುಗಳು ತೋಳಲ್ಲಿದ್ದವು. ಯಜಮಾನರು ಸಂಜೆ ಎಲ್ಲಿಗೋ ಮುಖ್ಯ ಅತಿಥಿಯಂತೆ. ಡ್ರಾಪರ್ ಹಿಡಿದು ಕೂತ ಕೆಂಡತ್ತೆಯ ಕಡೆ ನೋಡುವ ಧೈರ್ಯವಾಗದೆ ಅವಳು ಹೂಂ ಮಾವನತ್ತ ತಿರುಗಿದಳು. ಅವನು ಹುಟ್ಟಿದಾಗಿನಿಂದ ಯಾರಿಗೂ ಏನನ್ನೂ ಇಲ್ಲ ಎಂದವನಲ್ಲ.

"ತಗೋಳಪ್ಪ, ಸಂಜೆಗೆ ಬೇಕು. ಮಾಡಿಕೊಡ್ತೀಯಲ್ಲ?"

ಹೂಂ ಮಾವ ಶರ್ಟುಗಳನ್ನು ನೋಡಿದ. ಮೊಳೆಗೆ ನೇತುಹಾಕಿದ್ದ ಆ ಖಾಲಿ ಚೀಲವನ್ನು ನೋಡಿದ. ಗಂಟಲು ಸರಿ ಮಾಡಿಕೊಂಡ.

"ಉಹೂಂ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಕೆಂಡತ್ತೆಯ ಕೈಯಲ್ಲಿದ್ದ ಡ್ರಾಪರ್ ಗಾಳಿಯಲ್ಲೇ ನಿಂತಿತು. ಗುಂಡಿ ಹಾಲಿಗಾಗಿ ಎರಡು ಸಲ ಕೂಗಿದ ಮೇಲೇ ಅವಳಿಗೆ ಬಾಯಿ ಬಂದದ್ದು.

"ಏನ್ರೀ, ಇವತ್ತು ಇಷ್ಟೊಂದು ಮಾತು?"