ಅಲುಗದ ಬಳೆ

ಸಾಗರ ಪೇಟೆಯಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವರು ಅವರು. ಅಪ್ಪನ ರೈಫಲ್ಲಿಗೆ ದುರ್ಬೀನು ಕೂರಿಸುವ ಮುನ್ನ ಅಪ್ಪನ ಕೆನ್ನೆಯನ್ನು ಕೋವಿಯ ಮರಕ್ಕೆ ಒತ್ತಿಸಿ, ದುರ್ಬೀನನ್ನು ಹಿಡಿದಿಡುವ, ಕಣ್ಣಿನ ಎತ್ತರಕ್ಕೆ ತಕ್ಕ ಲೋಹದ ಬಳೆಗಳನ್ನು ಆರಿಸಿದರು. ಬಳೆಗಳ ತಿರುಪುಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ, "ಅವಸರ ಮಾಡಿದ್ರೆ ಓರೆ ಆಗ್ತದೆ ಗೌಡ್ರೆ" ಎನ್ನುತ್ತಿದ್ದರು. ಎಲ್ಲರಿಗೂ ಅದೇ ಮಾತು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದ ವರ್ಷ ಕಾಡುಹಂದಿಗಳು ಗದ್ದೆಗೆ ನುಗ್ಗಿದವು. ಹಂದಿಗೆಂದು ಅಪ್ಪ ಹೊಡೆದ ಈಡು ಗುರಿ ತಪ್ಪಿ, ಪೊದೆಯಾಚೆ ಹಂದಿ ಎಬ್ಬಿಸುತ್ತಿದ್ದ ರಿಪೇರಿಯವರ ತಮ್ಮನಿಗೆ ತಾಗಿತು. ಅವನು ಉಳಿಯಲಿಲ್ಲ.

ಪೊಲೀಸರು ಕೋವಿ ಮರಳಿಸಿದ ದಿನ ಅಪ್ಪ ಅದನ್ನು ಹಿಡಿದು ರಿಪೇರಿಯವರೆದುರು ಹೋಗಿ ನಿಂತರು. ಅವರು ದುರ್ಬೀನನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ.

ಕೋವಿ ವಾಪಸು ಕೊಡುತ್ತ ಹೇಳಿದರು: "ಸಡ್ಲ ಆಗಿದ್ರೆ ನಂದೇ ತಪ್ಪು ಅಂದ್ಕೊಂಡು ನಿಮ್ ಜೊತೆ ಮಾತಾಡ್ಕೊಂಡಿರ್ತಿದ್ದೆ ಗೌಡ್ರೆ."