‘ಹ’ ಇಲ್ಲದ ಸಾಲು

ಇವತ್ತು ಬೆಳಿಗ್ಗೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಎರಡು ತೊಟ್ಟು ಬೆರಳಿಗೆ ಸೋರಿತು. ಆ ವಾಸನೆ ಇದೆಯಲ್ಲ, ಅದು ನನ್ನನ್ನು ನೇರ ಮಳವಳ್ಳಿಯ ಆಫೀಸಿಗೆ ಒಯ್ದು ಟೈಪ್‌ರೈಟರಿನ ಮುಂದೆ ಕೂರಿಸಿಬಿಟ್ಟಿತು.

ಆಗ ನಾನಲ್ಲಿ ಟೈಪಿಸ್ಟ್. ಮಂಡ್ಯದಿಂದ ದಿನಾ ಬಸ್ಸು. ಕಾನ್ವೆಂಟಿನ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ ಸ್ಪೆಲಿಂಗೇ ನನ್ನ ಆಸ್ತಿ. ಲಂಚ್ ಟೈಮಿನಲ್ಲಿ ಡ್ಯಾಶು, ಬ್ರಾಕೆಟ್ಟು ಕುಟ್ಟಿ ಹಾಳೆಯ ಮೇಲೆ ಹೂಬಳ್ಳಿ ಬಿಡಿಸುತ್ತಿದ್ದೆ. ಅದನ್ನು ಆರ್ಟ್ ಎಂದು ಕರೆದವಳು ನಾನೊಬ್ಬಳೇ ನೋಡಿ.

ತಿಂಗಳಿಗೊಮ್ಮೆ ಮದ್ದೂರಿನಿಂದ ಖಾದರ್ ಸಾಬರು ಟೈಪ್‌ರೈಟರ್ ಸರ್ವಿಸಿಗೆ ಬರುವರು. ಎಣ್ಣೆ ಬಿಟ್ಟು, ಬ್ರಷ್ ಆಡಿಸಿ, ಅಕ್ಷರ ಸರಿಯಾಗಿ ಬೀಳುತ್ತವೆಯೇ ಎಂದು ಕೊನೆಗೊಂದು ಸಾಲು ಕುಟ್ಟುವರು. ಬೇರೆಯವರಾದರೆ ಅ ಆ ಇ ಈ ಕುಟ್ಟಿ ಏಳುತ್ತಿದ್ದರು. ಇವರು ಪ್ರತಿ ಸಲ ತಮ್ಮದೇ ಹೊಸ ಸಾಲು ಕಟ್ಟುವರು. ಹಾಳೆಯನ್ನು ನನ್ನ ಮುಂದಿಟ್ಟು, “ನೋಡಮ್ಮ, ಎಂಗದೆ?” ಎಂದು ಕೈ ಒರೆಸಿಕೊಳ್ಳುತ್ತ ನಿಲ್ಲುವರು. ಇಂಕು ಸಮನಾಗಿದೆಯೇ ಎಂದಷ್ಟೇ ನೋಡಿ ನಾನು “ಓಕೆ” ಎನ್ನುವೆ.

ಒಂದು ದಿನದ ಸಾಲು: ‘ಒಳೆ ದಾಟಿ ಓದೋಳು ಇನ್ನೂ ಬರಲಿಲ್ಲ.’

ಕೆಂಪು ಪೆನ್ನು ಕೈಯಲ್ಲೇ ಇತ್ತು. ‘ಒಳೆ’ಯನ್ನು ‘ಹೊಳೆ’ ಮಾಡಿದೆ, ‘ಓದೋಳು’ ಎಂಬುದನ್ನು ‘ಹೋದವಳು’ ಮಾಡಿದೆ. “ಸಾಬ್ರೇ, ಹ ಕೀ ಇನ್ನೂ ರಿಪೇರಿ ಆಗಿಲ್ವಾ?” ಎಂದೆ.

“ಕೀ ಸರಿಯಾಗೇ ಅದೆ ಕಣಮ್ಮ. ನನ್ ಬಾಯೇ ಇಂಗೆ.”

“ಬುಡಿ ಸಾಬ್ರೇ, ಕಾನ್ವೆಂಟ್ ಮಿಸ್ಸು ನಿಮ್ಮನ್ನ ಫೇಲ್ ಮಾಡ್ಬುಟ್ರು!” ಎಂದರು ಹೆಡ್ ಕ್ಲರ್ಕ್. ಎಲ್ಲರೂ ನಕ್ಕರು. ನಾನೂ. ಸಾಬರೂ ನಕ್ಕರು, ಸ್ವಲ್ಪ ತಡವಾಗಿ.

ಮುಂದಿನ ತಿಂಗಳು ಅವರು ಅ ಆ ಇ ಈ ಕುಟ್ಟಿದರು. ಅದರ ಮುಂದಿನ ತಿಂಗಳೂ ಅಷ್ಟೇ. ಬೆಂಚು ತಾಗಿದರೂ ಸಾರಿ ಎನ್ನಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಬೇಕಾದಾಗ ಆ ಮಾತು ಬಾಯಿಗೆ ಬರಲಿಲ್ಲ. ಆಮೇಲೆ ಕಂಪ್ಯೂಟರು ಬಂತು, ಸಾಬರು ಬರುವುದು ನಿಂತಿತು.

ಎಣ್ಣೆ ಒರೆಸಿಕೊಂಡು ಹಳೆಯ ಫೈಲು ತೆಗೆದೆ. ವೇಸ್ಟ್ ಮಾಡಬಾರದೆಂದು ಸಾಬರ ಆ ಹಾಳೆಯ ಹಿಂಬದಿಗೇ ನನ್ನ ಹೂಬಳ್ಳಿ ಕುಟ್ಟಿದ್ದೆ, ಹಾಗಾಗಿ ಉಳಿದಿತ್ತು. ತಿರುಗಿಸಿ, ಅವರು ಕುಟ್ಟಿದ ಹಾಗೇ ಗಟ್ಟಿಯಾಗಿ ಓದಿದೆ. ಒಳೆ ದಾಟಿ ಓದೋಳು. ನನ್ನ ತಿದ್ದುಪಡಿಯಲ್ಲಿ ಅವಳು ಬರೀ ಹೋದವಳು. ಅವರ ಸಾಲಿನಲ್ಲಿ ಓದುವವಳೂ ಆಗಿದ್ದಳು.

ಆ ಓದುವವಳು ಅವರೆದುರಿನ ಕುರ್ಚಿಯಲ್ಲೇ, ಕೆಂಪು ಪೆನ್ನು ಹಿಡಿದು ಕೂತಿದ್ದಳು. ಬರಲಿಕ್ಕೆ ಇಷ್ಟು ವರ್ಷ ಹಿಡಿಯಿತು.