ಅರ್ಧ ತೋಳ, ಅರ್ಧ ಅಳಿಲು

ಓದು ಬಿಟ್ಟು ಇಂಥದ್ದನ್ನೆಲ್ಲ ಬರೆಯುತ್ತಿದ್ದೇನೆ, ಕ್ಷಮಿಸಿ. ಫಸ್ಟ್ ಇಯರ್ ಎಕ್ಸಾಮ್ ಭಯವೇ ಸಾಕಾಗಿದೆ.

ನಿನ್ನೆ ಬಾಗಲಕೋಟೆಯ ಸೈಬರ್ ಕೆಫೆಯಲ್ಲಿ, ಈ ಆನ್‌ಲೈನ್ ಗ್ರೂಪಿನ ಒಂದು ಪೋಸ್ಟಿನ ಕೆಳಗೆ ಹೆಸರಿನ ಬದಲು ಅಕ್ಷರ, ಅಂಕಿಗಳ ವಿಚಿತ್ರ ಸಾಲೊಂದಿತ್ತು. ಅದನ್ನು ಬಿಡಿಸಿ ಹೇಳುವ ಸೈಟೂ ಇದೆ. ತಮ್ಮನ್ನು ಪ್ರಾಣಿಯೆಂದು ಕಲ್ಪಿಸಿಕೊಳ್ಳುವವರು ಬಾಲ, ಕಿವಿ, ಕೂದಲನ್ನೆಲ್ಲ ಹೀಗೆ ಅಕ್ಷರ, ಅಂಕಿಗಳಲ್ಲಿ ಕೋಡ್ ಮಾಡಿಕೊಳ್ಳುತ್ತಾರಂತೆ. ಎಂಥ ಸಿಲ್ಲಿ ಜನ! ನಗಲೆಂದೇ ಆ ಸಾಲನ್ನು ಸೈಟಿಗೆ ಹಾಕಿದೆ. ‘ಅರ್ಧ ತೋಳ, ಅರ್ಧ ಅಳಿಲು’ ಎಂದು ಬಂತು.

ನಾನು ಮೊದಲು ಇದ್ದ ಹುನಗುಂದದ ಹಾಸ್ಟೆಲಿನಲ್ಲಿ ತನ್ನನ್ನು ಹಾಗೆ ಹೇಳಿಕೊಳ್ಳುತ್ತಿದ್ದವನು ಒಬ್ಬನೇ: ಇಳಕಲ್ಲಿನ ನೇಕಾರರ ಮನೆಯ ಮಲ್ಲು. ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆ ಎಳೆಗಳಿಂದ ಅವನ ಅವ್ವ ಅಳಿಲಿನ ಬಾಲ ಹೆಣೆದು ಕೊಟ್ಟಿದ್ದಳು. ವಾರ್ಡನ್ ಸರ್ ನಶ್ಯ ಏರಿಸುತ್ತ, “ಏನಪಾ, ನಿನಗ ರೊಟ್ಟಿ ಹಾಕ್ಬೇಕೋ, ಹುಲ್ಲು ಹಾಕ್ಬೇಕೋ?” ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಷ್ಟಕ್ಕೇ ಬಿಡದೆ ಬಾಲವನ್ನು ಬಚ್ಚಲ ಒಲೆಗೆ ಎಸೆದೆ. ರೇಷ್ಮೆಯಿಂದ ಕೂದಲು ಸುಟ್ಟಂಥ ವಾಸನೆ ಬಂತು.

“ನಮ್ಮವ್ವ ಮಾಡಿದ್ದಲೇ ಅದು,” ಎಂದನಷ್ಟೆ ಮಲ್ಲು. ಮರುದಿನ ಅವನ ಟ್ರಂಕ್ ಇರಲಿಲ್ಲ.

ಆ ಸೈಟು ಹುಚ್ಚರ ಸಂತೆ ಎಂದು ಈಗಲೂ ಹೇಳುತ್ತೇನೆ. ಆದರೆ ಮಲ್ಲು, ಆ ಸಾಲು ನಿನ್ನದೇ ಆಗಿದ್ದರೆ ದಯವಿಟ್ಟು ಲಗೂನ ಉತ್ತರ ಬರಿ.